ಬಡಾವಣೆಯ ಬಾವಿಗಳು

ದೊಡ್ಡ ಬಸವಣ್ಣನ ದರ್ಶನವನ್ನು ಮುಗಿಸಿ, ಗಾಂಧಿಬಜಾರಿನಿಂದ ಚಾಮರಾಜಪೇಟೆಗೂ, ಅಲ್ಲಿಂದ ಕಾಡುಮಲ್ಲೇಶ್ವರನ ಸನ್ನಿಧಿಗೂ ನಡೆಯುವ ವಾಚಕರಿಗೆ ಕೆಲವು ಹಳೆಯ ಮನೆಗಳ ಹಿತ್ತಿಲಲ್ಲಿ ಇಂದಿಗೂ ಬಾವಿಗಳು ಕಾಣಸಿಗುವುವು. 1896ರಲ್ಲಿ ಹೆಸರಘಟ್ಟದ ನೀರು ಕೊಳವೆಯಲ್ಲಿ ಬಂದ ಮೇಲೂ ಜನರು ಬಾವಿಯ ಹಂಗನ್ನು ತೊರೆಯಲಿಲ್ಲ. 1898ರ ಪ್ಲೇಗಿನ ತರುವಾಯ ಬಸವನಗುಡಿ, ಮಲ್ಲೇಶ್ವರಗಳು ಶುದ್ಧವಾಯುವನ್ನು ಬಯಸಿದವರ ನೆಲೆಯಾಗಿ ಬೆಳೆದುವು.

1940ರಲ್ಲಿ ವಾಲ್‌ಚಂದ್ ಹೀರಾಚಂದರು ನಗರದ ಪೂರ್ವದಲ್ಲಿ ವಿಮಾನದ ಕಾರ್ಖಾನೆಯನ್ನು ಸ್ಥಾಪಿಸಿದರು. ಬೆಂಗಳೂರು ವಿಮಾನಗಳ ಊರೂ ಆಯಿತು. ಜೆಟ್ ವಿಮಾನದ ಇಂಧನವು ನಮ್ಮ ಸೀಮೆಎಣ್ಣೆಯ ಜ್ಞಾತಿಯೇ. ನೆಲದೊಳಕ್ಕೆ ಇಂಗಿದರೆ ಅದು ಅಂತರ್ಜಲವನ್ನು ಕೆಡಿಸಬಲ್ಲುದು. 2021ರ ನವೆಂಬರಿನಲ್ಲಿ ಹವಾಯಿಯಲ್ಲಿ ಅಮೆರಿಕದ ನೌಕಾಪಡೆಯ ಭಂಡಾರದಿಂದ ಸೋರಿದ ವಿಮಾನದ ಇಂಧನವು, ಸುಮಾರು 93,000 ಮಂದಿಗೆ ಒದಗುತ್ತಿದ್ದ ಕುಡಿಯುವ ನೀರಿನಲ್ಲಿ ಬೆರೆಯಿತು. ಅನೇಕ ಕುಟುಂಬಗಳು ತಲೆನೋವು, ವಾಂತಿ, ಚರ್ಮದ ಉರಿಗಳಿಂದ ನರಳಿದುವು.

ಸೇನೆಯ ತೊಟ್ಟಿಗಳು ನಮ್ಮ ಹಿತ್ತಿಲಿಗೆ ದೂರವಿರಬಹುದು. ಪೆಟ್ರೋಲ್ ಬಂಕುಗಳ ನೆಲದಡಿಯ ತೊಟ್ಟಿಗಳಾದರೋ ಊರೊಳಗೇ ಇವೆ. ಪೆಟ್ರೋಲಿನಲ್ಲಿರುವ ಬೆಂಜೀನ್ ಎಂಬ ದ್ರವ್ಯವು ದೀರ್ಘಕಾಲ ದೇಹವನ್ನು ಸೇರುತ್ತಿದ್ದರೆ ರಕ್ತದ ಕ್ಯಾನ್ಸರಿಗೆ ಕಾರಣವಾಗಬಲ್ಲುದು. ಆದಕಾರಣ ಬಾವಿಯ ನೀರು ಎಣ್ಣೆಯ ವಾಸನೆಯನ್ನು ಬೀರಿದರೆ, ಕಾಯಿಸಿ ಕುಡಿದರಾಯಿತೆಂದು ಗೃಹಿಣಿಯರು ಭಾವಿಸಬಾರದು. ಕಾಯಿಸಿದರೆ ಕ್ರಿಮಿಗಳು ಸಾಯುವುವು ನಿಜ. ಎಣ್ಣೆಯ ಆವಿಯಾದರೋ ಅಡುಗೆಮನೆಯನ್ನೇ ತುಂಬುವುದು. ಅಂಥ ನೀರನ್ನು ಸ್ನಾನಕ್ಕೂ ಬಳಸದೆ, ಕೂಡಲೇ ಪರೀಕ್ಷೆಗೆ ಕಳುಹಿಸುವುದು ಲೇಸು. ಹಿರಿಯರು ಶುದ್ಧವಾಯುವನ್ನರಸಿ ಬಂದ ಈ ನೆಲದಲ್ಲಿ ಬಾವಿಯ ನೀರನ್ನು ಕಾಯುವುದು ಗೃಹಸ್ಥಧರ್ಮದ ಒಂದು ಅಂಗವೇ ಸರಿ.