ದಾಳಿಯ ಹುಡುಗನು ಮೂಲೆಗೆ ನಿಂತಾಗ

ಚಿಟಗುಪ್ಪದ ಶಾಲೆಯ ಬಯಲಿನಲ್ಲಿ ಕಬಡ್ಡಿಯಾಡಿ ಬೆಳೆದ ಹುಡುಗನಿಗೆ ಆಟವೆಂದರೆ ದಾಳಿಯೇ ಸರಿ. ತಂಡದಲ್ಲಿ ಏಳು ಜನರಿದ್ದರೂ ಎದುರು ಪಾಳೆಯಕ್ಕೆ ನುಗ್ಗುವವನು ಬಹುಪಾಲು ಆತನೊಬ್ಬನೇ. ಓರಗೆಯವರಿಗಿಂತ ಮೈಕಟ್ಟು ತುಸು ಮುಂಚೆಯೇ ಬಲಿತಿರುತ್ತದೆ. ಇಬ್ಬರನ್ನು ಮುಟ್ಟಿ ಮಧ್ಯರೇಖೆಗೆ ಕೈ ಚಾಚಿದನೆಂದರೆ ಬಯಲೆಲ್ಲ ಕೇಕೆ. 17 ವರ್ಷದೊಳಗಿನವರ ಪಂದ್ಯಗಳಲ್ಲಿ ಹೀಗೆ ಒಬ್ಬನ ಬಲದಿಂದಲೇ ಶಾಲೆಗೆ ಫಲಕ ಬರುವುದುಂಟು.

ಹತ್ತನೆಯ ತರಗತಿ ಮುಗಿಸಿ ಅದೇ ಹುಡುಗನು ಹುಮನಾಬಾದಿಗೋ ಬಸವಕಲ್ಯಾಣಕ್ಕೋ ಬೀದರಿಗೋ ಬಸ್ಸು ಹತ್ತುತ್ತಾನೆ. ಕಾಲೇಜಿನ ಅಂಗಳದಲ್ಲಿ ಆತನಂತಹವರು ಹತ್ತಾರು ಮಂದಿ. ಒಬ್ಬೊಬ್ಬನೂ ತನ್ನೂರಿನ ವೀರ. ದೈಹಿಕ ಶಿಕ್ಷಕರು ಆತನ ಭುಜವನ್ನೂ ಮುಂಗೈಯನ್ನೂ ನೋಡಿ, "ನೀ ಎಡಕ್ಕ ಕಾರ್ನರ್‌ದಾಗ ನಿಂದ್ರು" ಎಂದುಬಿಡುತ್ತಾರೆ. ಮೂಲೆಗುಂಪು ಎಂಬ ಪದದ ಅರ್ಥವನ್ನು ಯಾವ ನಿಘಂಟೂ ಅಷ್ಟು ಚೆನ್ನಾಗಿ ಕಲಿಸಲಾರದು.

ಆದರೆ ಆ ಮೂಲೆಯ ಕೆಲಸವೇನು? ಪುರುಷರ ಅಂಕಣ 13 ಮೀಟರ್ ಉದ್ದ, 10 ಮೀಟರ್ ಅಗಲ. ಮಧ್ಯರೇಖೆಯಿಂದ 3.75 ಮೀಟರಿಗೆ ದಾಳಿಕಾರನು ದಾಟಲೇಬೇಕಾದ ಗೆರೆ. ಅಲ್ಲಿಂದ ಒಂದು ಮೀಟರಿಗೆ ಬೋನಸ್ ಗೆರೆ. ಹಿಂದೆ ಉಳಿಯುವುದು 1.75 ಮೀಟರ್ ನೆಲ ಮಾತ್ರ. ಮೂಲೆಯವನ ಹೊಲ ಅಷ್ಟೇ. ಮಗ್ಗುಲಿನವನ ಕೈಹಿಡಿದು, ಮೊಣಕಾಲು ಬಾಗಿಸಿ, ಆತನು ದಾಳಿಯ 30 ಸೆಕೆಂಡುಗಳನ್ನು ಸೈರಿಸಬೇಕು. ಎದುರಾಳಿಯು ಬೋನಸ್ಸಿಗಾಗಿ ಕಾಲು ಚಾಚಿದ ಕ್ಷಣದಲ್ಲಿ ಕಣಕಾಲಿಗೆ ಬೀಳಬೇಕು. ಅರೆಗಳಿಗೆ ಮುಂಚೆ ಹಾರಿದರೆ ಸರಪಳಿ ಕಡಿಯಿತು; ತಡವಾದರೆ ಅಂಕ ಹೋಯಿತು. ಇಲ್ಲಿಯೇ ಹಳೆಯ ವಿದ್ಯೆ ಹೊಸ ರೂಪದಲ್ಲಿ ಕೈಹಿಡಿಯುತ್ತದೆ. ದಾಳಿಕಾರನು ಯಾವ ಕಾಲಿನ ಮೇಲೆ ಭಾರ ಹಾಕಿದ್ದಾನೆ, ಕಣ್ಣನ್ನು ಎಡಕ್ಕೆ ಹೊರಳಿಸಿ ಬಲಕ್ಕೆ ಏಕೆ ಹೊರಡುತ್ತಾನೆ ಎಂಬುದು ದಾಳಿ ಮಾಡಿದವನಿಗಲ್ಲದೆ ಇನ್ನಾರಿಗೆ ತಿಳಿದೀತು? ವಿರಾಟಪರ್ವದಲ್ಲಿ ಬಿಲ್ಲು ಬಲ್ಲ ಅರ್ಜುನನು ಉತ್ತರನ ರಥದ ವಾಘೆ ಹಿಡಿದುದನ್ನು ತರಗತಿಯಲ್ಲಿ ಓದಿದ ಹುಡುಗನೂ, ಸರದಿ ತನ್ನದಾದಾಗ, ಅದನ್ನು ಮರೆತಿರುತ್ತಾನೆ.

1990ರ ಬೀಜಿಂಗಿನಿಂದ 2014ರವರೆಗೆ ಏಷ್ಯನ್ ಕ್ರೀಡಾಕೂಟಗಳಲ್ಲಿ ಸತತವಾಗಿ ಚಿನ್ನ ಗೆದ್ದ ಭಾರತದ ಪುರುಷರ ತಂಡವು 2018ರಲ್ಲಿ ಜಕಾರ್ತದ ಉಪಾಂತ್ಯ ಪಂದ್ಯದಲ್ಲಿ ಇರಾನಿಗೆ 18–27ರಿಂದ ಸೋತಿತು. ಆ ಇರಾನ್ ತಂಡದ ಹೆಸರಾಂತ ಆಟಗಾರ ಫಜಲ್ ಅತ್ರಾಚಲಿ ನಿಲ್ಲುತ್ತಿದ್ದುದು ಎಡಮೂಲೆಯಲ್ಲಿಯೇ.

ಬಾಸ್ಕೆಟ್‌ಬಾಲ್ ಆಡುವ ಪೇಟೆಯ ಹುಡುಗರ ಪಾಡೂ ಬೇರೆಯಲ್ಲ. ಶಾಲೆಯಲ್ಲಿ ಬುಟ್ಟಿಯ ಕೆಳಗೆ ನಿಂತು ಅಂಕ ಗಳಿಸಿದ ಎತ್ತರದವನು ಕಾಲೇಜಿನಲ್ಲಿ ತನಗಿಂತ ಎತ್ತರದವರಿಗೆ ಚೆಂಡು ಹಂಚುವವನಾಗುತ್ತಾನೆ, 3.05 ಮೀಟರ್ ಎತ್ತರದ ಉಂಗುರ ಮಾತ್ರ ಎರಡೂ ಕಡೆ ಅದೇ.

ಎಲ್ಲರೂ ಈ ಬದಲಾವಣೆಯನ್ನು ತಾಳಿಕೊಳ್ಳುವುದಿಲ್ಲ. ಕೆಲವರು ಒಂದು ತಿಂಗಳು ಮೂಲೆಯಲ್ಲಿ ನಿಂತು, ಅಂಗಳಕ್ಕೆ ಬರುವುದನ್ನೇ ಬಿಡುತ್ತಾರೆ. ಹಳ್ಳಿಯಿಂದ ಬಂದವನಿಗೆ ಕಾಲೇಜಿನೊಡನೆ ಇದ್ದ ನಂಟು ಆ ತಂಡವೊಂದೇ ಆಗಿದ್ದರೆ, ಆಟದ ಹಿಂದೆಯೇ ಓದೂ ಕೈಬಿಡುತ್ತದೆ. ಹಿಂಗಾರಿ ಬಿತ್ತನೆಯ ಹೊತ್ತಿಗೆ ಆತನು ಹೊಲದಲ್ಲಿರುತ್ತಾನೆ. ತಪ್ಪು ಹುಡುಗನದಷ್ಟೇ ಎನ್ನಲಾಗದು. ಗೆಲುವಿನ ಆಸೆಯಿಂದ ಮೂರು ವರ್ಷ ಒಬ್ಬನನ್ನೇ ದಾಳಿಗೆ ಕಳುಹಿದ ಶಾಲೆಗಳಿಗೂ ಅದರಲ್ಲಿ ಪಾಲುಂಟು. ದಾನಿಗಳು ಮನ್ನಿಸಬೇಕು: ವಾರ್ಷಿಕೋತ್ಸವಗಳಲ್ಲಿ ಉತ್ತಮ ದಾಳಿಗೆ ಬೆಳ್ಳಿಯ ಬಟ್ಟಲು ಕೊಡುವವರು ಸಿಗುತ್ತಾರೆ, ಕಣಕಾಲು ಹಿಡಿದವನಿಗೆ ಒಂದು ಟವೆಲ್ಲನ್ನಾದರೂ ಕೊಡುವವರು ವಿರಳ.

ತಾಳಿಕೊಂಡವನು ದಸರೆಯ ರಜೆಗೆ ಊರಿಗೆ ಬಂದಾಗ ಸಂಜೆ ಹಳೆಯ ಬಯಲಿಗೆ ಹೋಗುತ್ತಾನೆ. ಚಿಕ್ಕವರು ಮುತ್ತಿಕೊಂಡು, "ಅಣ್ಣಾ, ಮೊದಲ ರೈಡಿಗಿ ನೀನೇ ಹೋಗು" ಎನ್ನುತ್ತಾರೆ. ಆತನು ಅವರಲ್ಲಿ ತೀರ ಸಣಕಲನಾದವನನ್ನು ದಾಳಿಗೆ ಕಳುಹಿಸಿ, ತಾನು ಎಡಮೂಲೆಗೆ ಹೋಗಿ ಪಕ್ಕದ ಹುಡುಗನ ಕೈ ಹಿಡಿದುಕೊಳ್ಳುತ್ತಾನೆ.