ಅತ್ತೆಯ ಪಾಲು

8-6-2025, ಭಾನುವಾರ

ಹೊಸ ಕಾರು ಮನೆ ಮುಂದೆ ನಿಂತಿದೆ. ಅಪ್ಪನಿಗೆ ಓಡಿಸಲು ಬರುವುದಿಲ್ಲ. ಐದಕ್ಕೇ ಎದ್ದು ಅದನ್ನು ಒರೆಸಿ ಜಗಲಿ ಮೇಲೆ ಕೂರುತ್ತಾರೆ. ಮೊದಲು ಆ ಹೊತ್ತಿಗೆ ಡೇರಿಗೆ ಹಾಲು ಹಾಕಿ ದ್ರಾಕ್ಷಿ ತೋಟದಲ್ಲಿರುತ್ತಿದ್ದರು. ಜಮೀನು ಕೈಗಾರಿಕೆಗೆ ಹೋಯಿತು, ಮೇವಿಲ್ಲವೆಂದು ಸೀಮೆಹಸುಗಳನ್ನೂ ಮಾರಿದೆವು. ದೇವನಹಳ್ಳಿ ವಿಮಾನ ನಿಲ್ದಾಣ ಶುರುವಾಗಿದ್ದು ನಾನು ಹುಟ್ಟಿದ 2008ರಲ್ಲೇ. ರಾಗಿ ಹೊಲದ ಬೆಲೆಯನ್ನು ರಾಗಿಯಿಂದ ಲೆಕ್ಕ ಹಾಕಿದ್ದನ್ನು ನಾನಂತೂ ನೋಡಿಲ್ಲ.

ಇವತ್ತೂ ಇಬ್ಬರು ಬ್ರೋಕರ್‌ಗಳು ಬಂದಿದ್ದರು. ಸೈಟು ತಗೊಳ್ಳಿ ಅಂತ ಒಬ್ಬರು, ಬಡ್ಡಿಗೆ ಬಿಡಿ ಅಂತ ಇನ್ನೊಬ್ಬರು.

19-6-2025, ಗುರುವಾರ

ಕ್ಯಾಂಟೀನಿನಲ್ಲಿ ಬಿಲ್ಲು ತಾನಾಗಿ ನನ್ನ ಕಡೆಗೇ ಬರುತ್ತದೆ. ಕೊಡಲು ಬೇಜಾರಿಲ್ಲ. ಆದರೆ ಒಂದೇ ದೋಸೆ ಹಂಚಿಕೊಳ್ಳುತ್ತಿದ್ದ ಗೆಳೆಯ ಈಗ ಊಟವಾಯಿತು ಅಂತ ಸುಳ್ಳು ಹೇಳಿ ಹೊರಗೆ ಹೋಗುತ್ತಾನೆ. ಅದು ನೋಯುತ್ತದೆ.

ಸಂಜೆ ಶಿಡ್ಲಘಟ್ಟದಿಂದ ಅತ್ತೆ ಬಂದರು. ಸೊಪ್ಪು ಕೊಯ್ದು ಕೊಯ್ದು ಬೆರಳುಗಳು ಕಪ್ಪಾಗಿವೆ. ರೇಷ್ಮೆ ಹುಳುಗಳು ಪೊರೆ ಬಿಡುವ ನಾಲ್ಕನೇ ಜ್ವರದಲ್ಲಿವೆಯಂತೆ, ರಾತ್ರಿ ಉಳಿಯದೆ ಹೊರಟರು. ಕಾರನ್ನು ಒಮ್ಮೆ ಸವರಿ, "ಚೆನ್ನಾಗಿದೆ ಕಣೋ" ಅಂದರು. ಪರಿಹಾರಕ್ಕೆ ಮುಂಚೆ ಮಾಡಿಸಿದ ವಂಶವೃಕ್ಷದಲ್ಲಿ ಅವರ ಹೆಸರು ಅಪ್ಪನ ಹೆಸರಿನ ಪಕ್ಕದಲ್ಲೇ ಇತ್ತು. ಆಮೇಲೆ ಅಪ್ಪ ಹಕ್ಕು ಬಿಡುಗಡೆ ಪತ್ರಕ್ಕೆ ಸಹಿ ಹಾಕಿಸಿ, ಅರಿಶಿನ ಕುಂಕುಮಕ್ಕೆಂದು ಒಂದು ಸೀರೆ, ಐವತ್ತು ಸಾವಿರ ಕೊಟ್ಟು ಕಳಿಸಿದರು. ನಮಗೆ ಬಂದಿದ್ದು ಕೋಟಿಗಳಲ್ಲಿ. ಪಿತ್ರಾರ್ಜಿತದಲ್ಲಿ ಮಗಳಿಗೂ ಮಗನಷ್ಟೇ ಹಕ್ಕು ಅಂತ 2005ರಲ್ಲೇ ದೇಶಕ್ಕೆಲ್ಲ ಕಾನೂನು ಬಂದಿದೆ, ಮದುವೆಯಾದವರಿಗೂ.

15-7-2025, ಮಂಗಳವಾರ

ದೇವನಹಳ್ಳಿಯ ಚನ್ನರಾಯಪಟ್ಟಣ ಹೋಬಳಿಯ 1,777 ಎಕರೆ ಸ್ವಾಧೀನವನ್ನು ಕೈಬಿಟ್ಟೆವು ಅಂತ ಮುಖ್ಯಮಂತ್ರಿ ಹೇಳಿದರು. ಅಲ್ಲಿಯವರು ಮೂರು ವರ್ಷಕ್ಕೂ ಮೇಲೆ ಧರಣಿ ಕೂತಿದ್ದರು. ಟಿವಿಯಲ್ಲಿ ಹೆಂಗಸರು ಕುಣಿಯುತ್ತಿದ್ದರು. ಅಪ್ಪ ಮಾತಾಡಲಿಲ್ಲ, ಅನ್ನ ಕಲಸಿದ ಕೈ ತಟ್ಟೆಯಲ್ಲೇ ಒಣಗಿತು. ನಮ್ಮ ತೋಟ ಇನ್ನು ಬರುವುದಿಲ್ಲ. ಅತ್ತೆಯ ದುಡ್ಡು ಮಾತ್ರ ನಮ್ಮ ಕೈಯಲ್ಲೇ ಇದೆ.

20-7-2025, ಭಾನುವಾರ

ಕೇಳಿಯೇಬಿಟ್ಟೆ.

"ಅವಳೇ ಒಪ್ಪಿ ಸಹಿ ಹಾಕಿದ್ದಾಳಲ್ಲೋ."

"ಹಾಕಲ್ಲ ಅಂದಿದ್ರೆ ತವರಿಗೆ ಬರೋಕಾಗ್ತಿತ್ತಾ, ಅಪ್ಪ?"

ಅಮ್ಮ ಒಳಗೆ ಮಿಕ್ಸಿ ನಿಲ್ಲಿಸಿದಳು. ನನ್ನ ಓದಿಗೆ, ಅಕ್ಕನ ಮದುವೆಗೆ ಇಟ್ಟಿದ್ದು ಅಂದರು ಅಪ್ಪ. ನನ್ನ ಓದಿನದರಲ್ಲೇ ಕೊಡಿ ಅಂದೆ. ಅಪ್ಪನ ಮುಖ ಕೆಂಪಾಯಿತು. ಅಷ್ಟರಲ್ಲಿ ಮೂಲೆಯಿಂದ ಅಜ್ಜಿ ಅಂತು: "ಅವಳನ್ನೂ ನಾನೇ ಹೆತ್ತಿದ್ದು. ಕಳೆ ಕಿತ್ತಿದ್ದು ಅವಳೇ ಜಾಸ್ತಿ."

ರಾತ್ರಿ ಅಪ್ಪ ಬೀರುವಿನಿಂದ ಎಫ್‌ಡಿ ಪತ್ರಗಳನ್ನು ತೆಗೆಸಿದರು. ಅವಧಿಗೆ ಮುಂಚೆ ಮುರಿಸಿದರೆ ಬಡ್ಡಿ ಎಷ್ಟು ಹೋಗುತ್ತೆ, ಬ್ಯಾಂಕಿನಲ್ಲಿ ಕೇಳಿಕೊಂಡು ಬಾ ಅಂದಿದ್ದಾರೆ. ನಾಳೆ ಮೊದಲ ಪೀರಿಯಡ್ ತಪ್ಪಿದರೂ ಸರಿ, ಬಾಗಿಲು ತೆಗೆಯುವ ಹೊತ್ತಿಗೇ ಅಲ್ಲಿರಬೇಕು.