ಒಂದು ಬಸಿ ನೀರು

ನೀರನ್ನು ಹೊರಗಿಡುವುದು ನಮ್ಮ ವಿಜಯಪುರ ಜಿಲ್ಲೆಯವರಿಗೆ ರೂಢಿಯಿಲ್ಲದ ಕೆಲಸ. ಇಂಡಿ, ಸಿಂದಗಿ ಕಡೆ ಒಂದು ಕೊಡ ನೀರು ಮನೆಯೊಳಗೆ ತರುವುದರಲ್ಲೇ ಎಷ್ಟೋ ಸೊಂಟಗಳು ಸವೆದಿವೆ. ಬಂದದ್ದು ಚೆಲ್ಲದಂತೆ ನೋಡಿಕೊಳ್ಳುವುದರಲ್ಲಿ ಮಾತ್ರ ನಾವು ಎತ್ತಿದ ಕೈ: ಕೊಲ್ಹಾರದ ಮೊಸರಿನ ಗಡಿಗೆಯನ್ನು ಬೋರಲು ಹಿಡಿದರೂ ಮೊಸರು ಜಪ್ಪಯ್ಯ ಅನ್ನುವುದಿಲ್ಲ. ಅಂಥ ನಾಡಿನ ನನ್ನ ಕಾಕಾ ಅರವತ್ತು ದಾಟಿದ ಮೇಲೆ ಒಂದು ಹಳೆಯ ಫೈಬರ್ ದೋಣಿ ಕೊಂಡ.

ಲಾಲ್ ಬಹಾದ್ದೂರ್ ಶಾಸ್ತ್ರಿಯವರು 1964ರಲ್ಲಿ ಆಲಮಟ್ಟಿಗೆ ಅಡಿಗಲ್ಲಿಟ್ಟಾಗ ಕಾಕಾ ಇನ್ನೂ ಚಡ್ಡಿ ಕಂಡವನಲ್ಲ. ಅಣೆಕಟ್ಟು ಏಳುವಷ್ಟರಲ್ಲಿ ಅವನ ಮೀಸೆ ನರೆತಿತ್ತು. ಈಗ 519.60 ಮೀಟರಿಗೆ ನೀರು ನಿಂತರೆ 123 ಟಿಎಂಸಿ ಅನ್ನುತ್ತಾರೆ. ಅದರ ಯಾವುದೋ ಒಂದು ಚಮಚದಲ್ಲಿ ನಮ್ಮ ಹಳೆಯ ಮನೆಯೂ ಇದೆ.

ದೋಣಿಗೆ ದೀಪ ಬೇಕೆಂದು ಹಟ ಹಿಡಿದವನು ಅವನೇ. ಬಾಗೇವಾಡಿಯ ವೈರ್‌ಮನ್ ಬಂದು ಮೂತಿಯ ಮೇಲೆ ಮೊಳದುದ್ದದ ಕಂಬ ನಿಲ್ಲಿಸಿ, ಬುಡದಲ್ಲಿ ತೂತು ಕೊರೆದು, ವೈರನ್ನು ಒಳಗಿನ ಬ್ಯಾಟರಿ ಪೆಟ್ಟಿಗೆಗೆ ಇಳಿಬಿಟ್ಟ. (ಅಂಬಿಗರ ಚೌಡಯ್ಯ ಪುಣ್ಯವಂತ, ಅವನ ದೋಣಿಗೆ ಬ್ಯಾಟರಿ ಇರಲಿಲ್ಲ.) ಮೊದಲ ಮಳೆಯ ಮರುದಿನ ನೋಡಿದರೆ ಪೆಟ್ಟಿಗೆಯಲ್ಲಿ ಸರಿಯಾಗಿ ಒಂದು ಬಸಿ ನೀರು.

ಎರಡು ಮುದ್ದೆ ಕಲಸಿ ಹಚ್ಚುವ ಎಪಾಕ್ಸಿಯನ್ನು ಕಾಕಾ ಕಣಕದಂತೆ ನಾದಿ ಮೆತ್ತಿದ. ಅದು ಕಲ್ಲಿನಂತೆ ಗಟ್ಟಿಯಾಯಿತು. ಎಂಜಿನ್ ನಡುಗಿದಾಗ ವೈರ್ ಅಲುಗುತ್ತದೆ, ಕಲ್ಲು ಅಲುಗುವುದಿಲ್ಲ. ವಾರದಲ್ಲಿ ಸುತ್ತಲೂ ಕೂದಲೆಳೆಯ ಬಿರುಕು. ಮುದ್ದೇಬಿಹಾಳದ ಮೀನುಗಾರನೊಬ್ಬ ಡಾಂಬರು ಬಳಿಸಿದ. ನಮ್ಮ ಬಿಸಿಲಿಗೆ ಅದು ಕರಗಿ ಕಾಕಾನ ಧೋತರಕ್ಕೆ ಹತ್ತಿತು. ಸಿಂದಗಿಯಲ್ಲಿ ಮೋಟರ್ ರಿವೈಂಡಿಂಗ್ ಅಂಗಡಿ ಇಟ್ಟಿರುವ ಅಳಿಯ, ಬೋರ್‌ವೆಲ್ ಸ್ಟಾರ್ಟರ್ ಡಬ್ಬಿಗೆ ಹಾಕುವಂಥ ಗ್ಲ್ಯಾಂಡ್ ತಂದ. ನಟ್ಟು ತಿರುಗಿಸಿದಂತೆ ಒಳಗಿನ ರಬ್ಬರ್ ಬಳೆ ವೈರಿನ ಕುತ್ತಿಗೆ ಹಿಡಿಯುತ್ತದೆ. ಹಿಡಿಯಿತು. ಮಳೆ ಬಂತು. ಮತ್ತೆ ಒಂದು ಬಸಿ ನೀರು. ಇಂಡಿಯ ಬೀಗರು ಫೋನಿನಲ್ಲಿ, "ದೃಷ್ಟಿ ಆಗಿರಬೇಕ್ರಿ, ನಾಕು ಲಿಂಬಿಹಣ್ಣು ಕಳಸ್ತೀವಿ, ಕಟ್ರಿ" ಅಂದರು. ಒಂದು ಚೀಲವೇ ಬಂತು. ಉಪ್ಪಿನಕಾಯಿ ಚೆನ್ನಾಗಿತ್ತು.

ಕೊನೆಗೆ ವೈರ್‌ಮನ್ ಬ್ಯಾಟರಿಯ ತುದಿಯಿಂದ ವೈರ್ ಬಿಚ್ಚಿ ಕೆಳಮುಖ ಮಾಡಿ ಹಿಡಿದ. ತಾಮ್ರದ ಎಳೆಗಳ ತುದಿಯಲ್ಲಿ ಒಂದು ಹನಿ ಕೂಡಿಕೊಂಡಿತು, ದಪ್ಪಗಾಯಿತು, ಉದುರಿತು. ಇನ್ನೊಂದು.

"ತೂತಿಂದೇನೂ ತಪ್ಪಿಲ್ರಿ ಕಾಕಾ. ನೀರು ವೈರಿನ ಹೊಟ್ಯಾಗಿಂದ ಬರಾಕತ್ತೈತಿ."

ಕಂಬದ ತುದಿಯಲ್ಲಿ, ದೀಪದ ಜೋಡಿನಲ್ಲಿ ಮಳೆ ಹೊಕ್ಕು, ಕವಚದೊಳಗೆ ಎಳೆಗಳ ಸಂದಿ ಹಿಡಿದು, ನಾವು ಅಷ್ಟು ಕಾಳಜಿಯಿಂದ ಬಿಗಿದ ಗ್ಲ್ಯಾಂಡಿನ ನಡುವೆಯೇ ಹಾಯಾಗಿ ಇಳಿದು ಬರುತ್ತಿತ್ತು. ಜೋಡಿಗೆ ಬೆಸುಗೆ ಹಾಕಿ, ಸಿಲಿಕೋನ್ ತುಂಬಿ, ವೈರ್ ತೂತು ಸೇರುವ ಮುನ್ನ ಒಮ್ಮೆ ಕೆಳಕ್ಕೆ ಜೋಲಿ ಬಿದ್ದು ಮೇಲೇರುವಂತೆ ಮಾಡಿದರು. ಹೊರಗೆ ಹರಿದು ಬಂದ ಹನಿ ಜೋಲಿಯ ತಳದಲ್ಲೇ ಉದುರಲಿ ಎಂದು. ಪೆಟ್ಟಿಗೆ ಒಣಗಿತು. ಕಾಕಾ ಮಾತ್ರ ಸಪ್ಪಗಾದ.

ಮುಳುಗಿದ ನಮ್ಮ ಹಳೆಯ ಮನೆ ಮೇಲ್ಮುದ್ದಿಯದು. ಮಿರಗದ ಮಳೆಗೆ ಮುಂಚೆ ಬುಟ್ಟಿಗಟ್ಟಲೆ ಕರ್ಲ ಮಣ್ಣು ಹೊತ್ತು ಮಾಳಿಗೆಗೆ ಹಾಕಿ ಬಡಿಯುತ್ತಿದ್ದವನು ಅವನು. ಅಡುಗೆಮನೆಯ ಮೇಲೊಂದು ಬೆಳಕಿಂಡಿ ಇತ್ತು. ಮೋಡ ಗುಡುಗಿದರೆ ಅವ್ವ ಕೂಗುವ ಮೊದಲೇ ಕಾಕಾ ನಿಚ್ಚಣಿಕೆ ಹತ್ತಿ ತಗಡು ಮುಚ್ಚಿ, ಮೇಲೊಂದು ಕಲ್ಲು ಇಟ್ಟು ಬರುತ್ತಿದ್ದ. ಅವನಿರುವ ತನಕ ನಮ್ಮ ಒಲೆಯ ಮೇಲೆ ಒಂದು ಹನಿ ಬಿದ್ದದ್ದಿಲ್ಲ. ಊರು ಬಿಡುವಾಗ ಬಾಗಿಲು, ಚೌಕಟ್ಟು ಕಿತ್ತುಕೊಂಡೆವು. ಮಾಳಿಗೆಗೆ ಕೈ ಹಚ್ಚಲು ಅವನು ಬಿಡಲಿಲ್ಲ. ಕೃಷ್ಣೆ ಮಾಳಿಗೆಯ ಗೊಡವೆಗೇ ಹೋಗದೆ ಹೊಸ್ತಿಲು ದಾಟಿ ಬಂದಳಂತೆ.

ದೀಪ ಸರಿಯಾದ ರಾತ್ರಿ ನನ್ನನ್ನೂ ಕೂಡಿಸಿಕೊಂಡು ಹೊರಟ. ಯಾವುದೋ ಲೆಕ್ಕ ಹಿಡಿದು ಒಂದು ಕಡೆ ಎಂಜಿನ್ ಬಂದ್ ಮಾಡಿ, ದೀಪವನ್ನು ಕೆಳಗೆ ತಿರುಗಿಸಿದ. ಹಸಿರು ನೀರು. ಗೇಣಿನಾಚೆ ಏನೂ ಕಾಣಲಿಲ್ಲ. ಬಹಳ ಹೊತ್ತು ಬಗ್ಗಿ ನೋಡಿದ.

"ಬೆಳಕಿಂಡಿ ಮುಚ್ಚಿ ಬರೋದು ಮರ್ತಿದ್ದೆ ನೋಡೋ ತಮ್ಮಾ," ಅಂದ.